ಹಿಂದ್ಲ ಮನೆ ಸೇರಿದ ಮೊಟ್ಟೆಗಳು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದೆ ತಗಡಿನ ಮನೆಗಳ ಒಂದು ಓಣಿ ಇದೆ. ಅಲ್ಲಿ ಬುಧವಾರ ಬುಧವಾರ ಕ್ರೈಸ್ತ ಸಿಸ್ಟರುಗಳ ಕ್ಲಿನಿಕ್ಕು ನಡೆಯುತ್ತದೆ. ಸಿಸ್ಟರ್ ಐರಿನ್ ಮೊದಲು ಕಣ್ಣುಮುಚ್ಚಿ ತಮ್ಮ ದೇವರಿಗೆ ಕೈಮುಗಿದು, ಆಮೇಲೆ ಬಸುರಿಯರ ರಕ್ತ ನೋಡಿ, ಒಬ್ಬೊಬ್ಬರಿಗೂ ವಾರಕ್ಕಾಗುವಷ್ಟು ಮೊಟ್ಟೆ ಕೊಡುತ್ತಿದ್ದರು.

ಪಾಪಕ್ಕ ಸೊಸೆ ಶಿಲ್ಪಳ ಪಾಲಿನ ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಡುತ್ತಿದ್ದಳು. ಹೊರಟವಳು ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. ಅವರು ಮ್ಯಾಸನಾಯಕರು. ಕುರಿ ತಿನ್ನುವ ಮಂದಿಯೇ, ಆದರೆ ಕೋಳಿಯಾಗಲಿ ಮೊಟ್ಟೆಯಾಗಲಿ ಅವರ ಹೊಸ್ತಿಲು ದಾಟಬಾರದು. ಹಳ್ಳಿ ಬಿಟ್ಟು ಪೇಟೆ ಸೇರಿದರೂ ಆ ಕಟ್ಟುಪಾಡು ಬಿಟ್ಟಿರಲಿಲ್ಲ. ಹಾಗಂತ ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಕೈಮುಗಿದು ಕೊಟ್ಟದ್ದು ಯಾವ ದೇವರದಾದರೂ ಪ್ರಸಾದವೇ, ಒಲ್ಲೆ ಅಂದರೆ ಪಾಪ. ಹೀಗೆ ಎರಡೂ ದೇವರ ಮನಸ್ಸು ಕಾಯಲು ಹೋಗಿ, ಮೊಟ್ಟೆಗಳೆಲ್ಲ ಈ ಕಟ್ಟುಪಾಡಿಲ್ಲದ ಹಿಂದಿನ ಮನೆ ಚಿನ್ನಕ್ಕನ ಮಕ್ಕಳ ಹೊಟ್ಟೆ ಸೇರುತ್ತಿದ್ದವು.

ಏಳು ತಿಂಗಳು ತುಂಬಿದ ಬುಧವಾರ ಸಿಸ್ಟರ್ ಶಿಲ್ಪಳ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣ ಬಳಿದ ಹಾಗಿತ್ತು. ರಕ್ತ ಏಳರ ಮೇಲೆ ಏರಿಲ್ಲ, ಮಾತ್ರೆ ನುಂಗಿ ದಿನಾ ಮೊಟ್ಟೆ ತಿಂದೂ ಹೀಗೆಂದರೆ ಬೇರೇನೋ ಕಾಯಿಲೆ ಇರಬೇಕು, ಹೆರಿಗೆಯಲ್ಲಿ ಜೀವಕ್ಕೇ ಅಪಾಯ, ದುರ್ಗದ ದೊಡ್ಡಾಸ್ಪತ್ರೆಗೆ ಬರೆಯುತ್ತೇನೆ ಎಂದು ಚೀಟಿ ತೆಗೆದರು.

ಪಾಪಕ್ಕನಿಗೆ ತಂಗಿ ನೆನಪಾದಳು. ನಲವತ್ತು ವರ್ಷದ ಹಿಂದೆ ಹೆತ್ತ ಮೇಲೆ ರಕ್ತ ನಿಲ್ಲದೆ, ತಮ್ಮ ಹಳ್ಳಿ ನನ್ನಿವಾಳದಿಂದ ಆಸ್ಪತ್ರೆಗೆ ಬರುವ ದಾರಿಯಲ್ಲಿ ಗಾಡಿಯಲ್ಲೇ ತಣ್ಣಗಾಗಿದ್ದಳು. ಅವಳೂ ಹೀಗೇ ಬಿಳಿಚಿಕೊಂಡಿದ್ದಳು.

“ಸಿಸ್ಟರವ್ವ, ಒಸಿ ತಡೀರಿ,” ಎಂದಳು. “ತಪ್ಪು ನಂದೈತೆ. ನಾವು ಮೊಟ್ಟೆ ಮುಟ್ಟಲ್ಲ. ಬಸುರಿ ನಮ್ಮನೇಲಿ, ಮೈ ಬಂದಿದ್ದು ಹಿಂದ್ಲ ಮನೆ ಚಿನ್ನಕ್ಕನ ಮಕ್ಕಳಿಗೆ.”

ಸಾಲಿನಲ್ಲಿ ಕೂತವರು ಸೆರಗು ಬಾಯಿಗೆ ಹಿಡಿದರು. ಅವರಲ್ಲೂ ಅರ್ಧ ಮಂದಿ ಮ್ಯಾಸರೇ. ಅವರ ಮೊಟ್ಟೆಗಳಿಗೂ ಒಂದೊಂದು ಹಿಂದಿನ ಮನೆ ಇತ್ತು.

ಸಿಸ್ಟರ್ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, “ನೀವು ಏನು ತಿಂತೀರಿ ಅಂತ ನಾನು ಕೇಳಲೇ ಇಲ್ಲವಲ್ಲ, ಪಾಪಕ್ಕ,” ಎಂದರು.

“ಕುರಿ ತಿಂತೀವ್ರಿ. ನುಗ್ಗೆಸೊಪ್ಪು, ರಾಗಿ, ಶೇಂಗಾ, ಬೆಲ್ಲ. ಅದಕ್ಕೂ ಹಿಂಗೇ ಕೈಮುಗಿದು ಕೊಡ್ರಿ, ಒಂದು ಕಾಳು ಆಚೆ ಹೋಗಲ್ಲ.”

ಸಿಸ್ಟರ್ ಚೀಟಿ ಬರೆದೇ ಬರೆದರು, ಆದರೆ ಊರಿನ ತಾಲ್ಲೂಕು ಆಸ್ಪತ್ರೆಗೆ, ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಸೂಜಿ ಹಾಕಿಸಲು. ಮರುವಾರದಿಂದ ಕ್ಲಿನಿಕ್ಕಿನಲ್ಲಿ ಮೊಟ್ಟೆ ಬೇಡದವರಿಗೆ ಶೇಂಗಾ ಬೆಲ್ಲದ ಉಂಡೆ ಬಂತು. ಪಾಪಕ್ಕ ದಿನಾ ಸೊಪ್ಪಿನ ಸಾರು ಕಾಸಿ, ಸೊಸೆ ತಟ್ಟೆ ಬಳಿಯುವ ತನಕ ಎದುರಿಗೇ ಕೂತಿರುತ್ತಿದ್ದಳು. ಅತ್ತೆ ಕುರಿ ಕಾದಂಗೆ ಕಾಯ್ತಾಳೆ ಎಂದು ಶಿಲ್ಪ ಓಣಿಯವರ ಮುಂದೆ ದೂರಿದಳು.

ದಿನ ತುಂಬುವ ಹೊತ್ತಿಗೆ ರಕ್ತ ಹತ್ತು ದಾಟಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಹೆಣ್ಣುಮಗು ಹುಟ್ಟಿತು. ಒಳಗೆ ಬಿಟ್ಟಾಗ ಪಾಪಕ್ಕ ಮಗುವಿನ ಕಡೆ ತಿರುಗಲಿಲ್ಲ, ಸೊಸೆಯ ಮುಖವನ್ನೇ ನೋಡುತ್ತ ನಿಂತಳು.

ಶಿಲ್ಪ ಕಣ್ಣು ಬಿಟ್ಟು, “ಅತ್ತೆ, ಹಸಿವಾಗೈತೆ,” ಎಂದಳು.

ಆಗ ಪಾಪಕ್ಕ ಗೋಡೆಗೊರಗಿ ಕೂತು, ಮೊಮ್ಮಗಳನ್ನು ಕೊಡಿ ಎಂದು ನರ್ಸಿನ ಕಡೆ ಕೈ ಚಾಚಿದಳು.