ಐದು ಸಲ ಕೆಟ್ಟ ಏಸಿ

ಜೂನ್ ತಿಂಗಳಲ್ಲಿ ಬ್ರೌನ್ಸ್‌ವಿಲ್‌ನಲ್ಲಿ ಏಸಿ ಇಲ್ಲದ ಕಾರು ಹತ್ತುವುದೂ ಒಂದೇ, ಮುಸುಕಿನ ಜೋಳದ ಸಿಪ್ಪೆ ಸುತ್ತಿಕೊಂಡು ತಮಾಲೆ ಕಡುಬಿನ ಪಾತ್ರೆಯಲ್ಲಿ ಹಬೆಗೆ ಕೂರುವುದೂ ಒಂದೇ. ಹಾಗಾಗಿ ಬಾಲ್ತಸಾರ್ ಓಚೋವನ ಹಸಿರು ವ್ಯಾಗನ್ ಐದನೇ ಸಲ ಗ್ಯಾರೇಜಿನ ಮುಂದೆ ಬಂದು ನಿಂತಾಗ ತೆಂಚಾಳಿಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದೇ ಬೇರೆ. ಅವಳು ಕೈಯಲ್ಲಿದ್ದ ಸ್ಪ್ಯಾನರ್ ಎಸೆದು ಕನ್ನಡಿಯ ಹತ್ತಿರ ಓಡಿದಳು. ಮೂಗಿನ ಮೇಲಿದ್ದ ಗ್ರೀಸ್ ಒರೆಸಲು ಹೋಗಿ ಎರಡು ಕೆನ್ನೆಗೂ ಹಚ್ಚಿಕೊಂಡು ಬಂದಳು.

"ಬಂದ ನೋಡು ನಿನ್ನ ರೋಗಿ," ಎಂದ ಅವಳ ಅಪ್ಪ ರೆಫುಹಿಯೋ, ಲಾರಿಯೊಂದರ ಕೆಳಗೆ ಮಲಗಿದ್ದವನು ಮಲಗಿದ್ದಂತೆಯೇ. "ಕಾಯಿಲೆ ಕಾರಿಗಲ್ಲ ಮಗಳೇ, ಓಡಿಸೋನಿಗೆ. ಐದು ಸಲ ಯಾವನಾದ್ರೂ ಏಸಿಗೋಸ್ಕರ ಬರ್ತಾನಾ? ನಿಮ್ಮಮ್ಮನ್ನ ನೋಡೋಕೆ ನಾನು ಒಂದೇ ಟಯರ್ ಮೂರು ಸಲ ಪಂಕ್ಚರ್ ಮಾಡಿಸ್ಕೊಂಡಿದ್ದೆ."

"ಸುಮ್ನಿರಪ್ಪಾ, ಕೇಳ್ಸುತ್ತೆ!"

"ಕೇಳ್ಸ್ಲಿ ಅಂತಾನೇ ಹೇಳ್ತಿರೋದು."

ಗ್ಯಾರೇಜಿನಲ್ಲಿ ಎಂಜಿನ್ನೂ ಕೊಂಕುಮಾತೂ ಅಪ್ಪನ ಪಾಲು, ಏಸಿ ಮಗಳ ಪಾಲು. ಇಪ್ಪತ್ತೆಂಟರ ತೆಂಚಾ ಮುಟ್ಟಿದ ಏಸಿ ಮತ್ತೆ ಬಾಗಿಲಿಗೆ ಬಂದದ್ದಿಲ್ಲ ಎಂದು ಊರೇ ಹೇಳುತ್ತಿತ್ತು. ಬಾಲ್ತಸಾರನ ವ್ಯಾಗನ್ ಮಾತ್ರ ಆ ಹೆಸರಿಗೆ ಮಸಿ ಬಳಿಯುತ್ತ ಬಂದಿತ್ತು. ದೂರು ಪ್ರತಿ ಸಲವೂ ಅದೇ. ಹೊರಟಾಗ ಗಾಳಿ ಮಂಜಿನಂತೆ ತಣ್ಣಗೆ ಬರುತ್ತದೆ. ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿದ ಮೇಲೆ ಸೊರಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಫ್ಯಾನಿನ ಸದ್ದು ಮಾತ್ರ ಉಳಿಯುತ್ತದೆ. ಕಾರನ್ನು ತಿರುಗಿಸಿಕೊಂಡು ಗ್ಯಾರೇಜಿಗೆ ಬರುವಷ್ಟರಲ್ಲಿ ಆ ಏಸಿ ಏನೂ ಆಗೇ ಇಲ್ಲವೆಂಬಂತೆ ತಣ್ಣಗೆ ಊದುತ್ತಿರುತ್ತದೆ. ಅವನು ಪೆಚ್ಚಾಗಿ ನಿಲ್ಲುತ್ತಾನೆ, ರೆಫುಹಿಯೋ ಲಾರಿಯ ಕೆಳಗಿಂದ ಕೆಮ್ಮುತ್ತಾನೆ.

ಬಾಲ್ತಸಾರನಿಗೆ ಏಸಿ ಶೋಕಿಯ ವಸ್ತುವಲ್ಲ. ಅವನು ಅಕಾರ್ಡಿಯನ್ ಎಂಬ, ಹಿಗ್ಗಿಸಿ ಕುಗ್ಗಿಸಿ ನುಡಿಸುವ ವಾದ್ಯಪೆಟ್ಟಿಗೆಗಳನ್ನು ರಿಪೇರಿ ಮಾಡುವವನು. ವಾರಕ್ಕೆರಡು ಸಲ ಮೆಕ್‌ಆ್ಯಲನ್‌ಗೆ ಹೋಗಿ ಅಲ್ಲಿಯ ವಾದ್ಯಗಾರರ ಪೆಟ್ಟಿಗೆಗಳನ್ನು ತರುತ್ತಾನೆ, ಸರಿಮಾಡಿ ಒಪ್ಪಿಸುತ್ತಾನೆ. ಪೆಟ್ಟಿಗೆಯೊಳಗಿನ ಸ್ವರದ ಪಟ್ಟಿಗಳು ಜೇನುಮೇಣದಿಂದ ಅಂಟಿಕೊಂಡಿರುತ್ತವೆ. ಕಾರು ಕಾದರೆ ಮೇಣ ಕರಗಿ ಸ್ವರಗಳು ಪೆಟ್ಟಿಗೆಯ ತಳಕ್ಕೆ ಉದುರುತ್ತವೆ. ಮೇ ತಿಂಗಳಲ್ಲಿ ಹಾಗೆ ಒಂದು ಉದುರಿ, ಮದುವೆ ಮನೆಯಲ್ಲಿ ವಾದ್ಯಗಾರ ಪೆಟ್ಟಿಗೆ ಬಿಚ್ಚಿದರೆ ಮೇಕೆ ಸೀನಿದ ಸದ್ದು ಬಂದಿತ್ತಂತೆ.

ತೆಂಚಾ ನೋಡದೆ ಬಿಟ್ಟದ್ದಿಲ್ಲ. ಗ್ಯಾಸಿನ ಒತ್ತಡ ಅಳೆದಳು, ಸರಿ ಇತ್ತು. ಸೋರಿಕೆ ಹುಡುಕಿದಳು, ಇರಲಿಲ್ಲ. ತಂಪು ಮಿತಿಮೀರದಂತೆ ಕಾಯುವ ಸೆನ್ಸರ್ ಬದಲಿಸಿದಳು. ಫ್ಯಾನಿನ ಮೋಟರ್ ಬಿಚ್ಚಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಪರೀಕ್ಷಿಸಿದಳು. ಎಲ್ಲವೂ ಗಟ್ಟಿಮುಟ್ಟು.

ಒಂದು ರಾತ್ರಿಯಿಡೀ ಹೊರಳಾಡಿ ಅವಳು ತನಗೆ ತಾನೇ ಒಪ್ಪಿಕೊಂಡದ್ದು ಇಷ್ಟು: ಏಸಿ ನಿಜವಾಗಿ ಕೆಡುತ್ತಿದ್ದರೆ ಇವನು ಬರುವುದು ಏಸಿಗಾಗಿ. ಕೆಡದೇ ಇದ್ದರೆ ಬರುವುದು ನನಗಾಗಿ. ಹುಟ್ಟಿದಾಗಿನಿಂದ ಕಾರುಗಳ ರೋಗ ಹುಡುಕಿಯೇ ಬೆಳೆದವಳು ಮೊದಲ ಸಲ, ದೇವರೇ ಈ ಕಾರಿನಲ್ಲಿ ಏನೂ ಸಿಗದಿರಲಿ, ಎಂದು ಬೇಡಿಕೊಂಡಿದ್ದಳು. ಮೆಕ್ಯಾನಿಕ್ ಆದವಳಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

"ಇವತ್ತು ನಾನೇ ಬರ್ತೀನಿ," ಎಂದಳು ಬಾಲ್ತಸಾರನಿಗೆ. "ಕಾರು ಎಲ್ಲಿ ಕೈ ಕೊಡುತ್ತೋ ಅಲ್ಲೇ ಹಿಡೀಬೇಕು. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ಮೆಕ್‌ಆ್ಯಲನ್ ತನಕಾನಾ?" ಬಾಲ್ತಸಾರನ ಕಿವಿ ಕೆಂಪಾಯಿತು. "ಇಬ್ರೇನಾ?"

"ಬೇಕಿದ್ರೆ ನಾನೂ ಬರ್ತೀನಪ್ಪ, ಹಿಂದಿನ ಸೀಟಲ್ಲಿ," ಎಂದಿತು ಲಾರಿಯ ಕೆಳಗಿನ ಧ್ವನಿ.

ತೆಂಚಾ ಅಪ್ಪನ ಬೂಟಿಗೊಂದು ಒದ್ದು ಕಾರು ಹತ್ತಿದಳು. ಗಾಳಿ ಬರುವ ಜಾಲರಿಗೆ ಉದ್ದ ಮೂತಿಯ ಥರ್ಮಾಮೀಟರ್ ಸಿಕ್ಕಿಸಿ, ಕಿಟಕಿಗಳನ್ನು ಬಿಗಿ ಮಾಡಿ, ಏಸಿಯನ್ನು ಪೂರ್ತಿ ತಿರುಗಿಸಿದಳು. ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಎಂದಿತು ಮುಳ್ಳು, ಮಂಜಿನಷ್ಟೇ ತಣ್ಣಗೆ. ಅವಳ ಹಣೆಯ ಮೇಲಿನ ಕೂದಲಿನ ಎಳೆಯೊಂದು ಗಾಳಿಗೆ ಪಟಪಟ ಹಾರತೊಡಗಿತು.

ಸ್ಯಾನ್ ಬೆನಿಟೋ ದಾಟುವ ತನಕ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು. ಆ ಊರಲ್ಲಿ ಹವಾಮಾನದ ಬಗ್ಗೆ ಮಾತಾಡಲು ಇರುವುದು ಒಂದೇ ಮಾತು, ಅದನ್ನೇ ಆರು ಸಲ ಆಡಿದರು. ಏಳನೇ ಸಲಕ್ಕೆ ಬಾಲ್ತಸಾರ್ ಸೋತು ಹಿಂದಿನ ಸೀಟಿಗೆ ಕೈ ಚಾಚಿದ. "ಹಾರ್ಲಿಂಜನ್‌ನವರದೊಂದು ಪೆಟ್ಟಿಗೆ ಇದೆ. ಹೇಗೂ ನುಡಿಸಿ ನೋಡ್ಬೇಕಿತ್ತು. ತೊಂದ್ರೆ ಇಲ್ಲ ತಾನೇ?"

ತೊಂದರೆಯೇ? ಅವನು ಪೋಲ್ಕಾ ಕುಣಿತದ ಹಾಡೊಂದನ್ನು ಎತ್ತಿಕೊಂಡ. ಪುಟ್ಟ ಕಾರಿನಲ್ಲಿ ಮುಚ್ಚಿದ ಕಿಟಕಿಗಳ ನಡುವೆ ಅಕಾರ್ಡಿಯನ್ನಿನ ಸದ್ದು ಎದೆಗೇ ಬಂದು ಗುದ್ದುತ್ತಿತ್ತು. ಪೆಟ್ಟಿಗೆ ಹಿಗ್ಗಿದಾಗಲೆಲ್ಲ ಅವನ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಅವನು "ಸಾರಿ" ಎನ್ನುತ್ತಿದ್ದ, ತಾಳ ತಪ್ಪದಂತೆ. ಪಕ್ಕದ ಲಾರಿಯವನು ತಾಳಕ್ಕೆ ಸರಿಯಾಗಿ ಹಾರ್ನ್ ಹೊಡೆದ. ತೆಂಚಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳಬೇಕೆಂದರೆ ಸ್ಟೀರಿಂಗ್ ಬಿಡುವ ಹಾಗಿಲ್ಲ. ಜೀವನದಲ್ಲಿ ಇಷ್ಟು ಸುಖ ಒಟ್ಟಿಗೆ ಸಿಕ್ಕಿದ್ದೇ ಇಲ್ಲ ಅನ್ನಿಸಿತು ಅವಳಿಗೆ. ಕೆಡಬೇಡವೋ, ಎಂದು ಮನಸ್ಸಿನಲ್ಲೇ ಏಸಿಗೆ ಮೊರೆಯಿಟ್ಟಳು. ಇಲ್ಲಿಂದ ಕೆನಡಾ ಮುಟ್ಟಿದರೂ ಕೆಡಬೇಡ.

ಲಾ ಫೆರಿಯಾದಲ್ಲಿ ಮುಳ್ಳು ಮೂವತ್ತೆಂಟಕ್ಕೆ ಬಂದಿತ್ತು. ಮರ್ಸೇಡಿಸ್ ಎಂಬ ಊರಿನ ಹತ್ತಿರ ಮೂವತ್ತಮೂರು. ಇನ್ನೊಂದು ಡಿಗ್ರಿ ಇಳಿದರೆ ನೀರು ಗಡ್ಡೆ ಕಟ್ಟುತ್ತದೆ. ಅವಳು ಅದನ್ನು ಗಮನಿಸಬೇಕಿತ್ತು, ಗಮನಿಸಲಿಲ್ಲ. ಹಾಡು ಮೂರನೇ ಚರಣಕ್ಕೆ ಬಂದಿತ್ತು. ವೆಸ್ಲಾಕೋದ ಬೋರ್ಡು ಕಂಡಾಗ ಅವಳ ಹಣೆಯ ಕೂದಲಿನ ಎಳೆ ಹಾರುವುದನ್ನು ಬಿಟ್ಟು ಮೆಲ್ಲಗೆ ಬಂದು ಮೂಗಿನ ಮೇಲೆ ಕುಳಿತಿತು.

ಫ್ಯಾನು ಗೊರ್ ಎನ್ನುತ್ತಿದೆ. ಗಾಳಿ ಇಲ್ಲ.

"ಸಿಕ್ತು!" ಎಂದು ಕಿರುಚಿದಳು ತೆಂಚಾ. "ಸಿಕ್ಕಿಬಿದ್ದ ಕಳ್ಳ! ಒಳಗೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದೆ! ಐಸ್ ಕಟ್ಟಿ ಗಾಳಿ ಬರೋ ದಾರೀನೇ ಮುಚ್ಚಿಹೋಗಿದೆ! ನೀವು ವಾಪಸ್ ಬರೋ ಹೊತ್ತಿಗೆ ಅದು ಕರಗಿಹೋಗ್ತಿತ್ತು, ಅದಕ್ಕೇ ನನಗೆ ಒಂದು ಸಲಾನೂ ಕಾಣ್ತಿರ್ಲಿಲ್ಲ!"

"ನಾನು ಹೇಳಿದ್ನಲ್ಲ!" ಬಾಲ್ತಸಾರನೂ ಕಿರುಚಿದ. "ನಿಜವಾಗ್ಲೂ ಕೆಡುತ್ತೆ ಅಂತ ಹೇಳಿದ್ನಲ್ಲ! ಯಾರೂ ನಂಬ್ಲಿಲ್ಲ!"

ಆಗ ಅವಳ ಸಂಭ್ರಮ ಅಲ್ಲೇ ಇಂಗಿಹೋಯಿತು. ಹೌದಲ್ಲ. ನಿಜವಾಗಿಯೂ ಕೆಡುತ್ತಿತ್ತು. ಪಾಪದ ಮನುಷ್ಯ, ಏಸಿ ಕೆಟ್ಟಿದ್ದಕ್ಕೆ ಏಸಿಯವಳ ಹತ್ತಿರ ಬಂದಿದ್ದ, ಅಷ್ಟೇ. ಕಾರನ್ನು ಹೆದ್ದಾರಿಯಿಂದ ಇಳಿಸಿ ಒಂದು ರಾಸ್ಪಾ ಅಂಗಡಿಯ ತಗಡಿನ ನೆರಳಿಗೆ ತಂದು ನಿಲ್ಲಿಸಿದಳು. ಐಸ್ ಹೆರೆದು, ಬಣ್ಣದ ಪಾಕ ಸುರಿದು ಕೊಡುವ ಅಂಗಡಿ ಅದು. ಒಳಗಿದ್ದ ದಪ್ಪ ಹೆಂಗಸು ಕತ್ತು ಚಾಚಿ ನೋಡಿದಳು. ಕಾರಿನ ಹೊಟ್ಟೆಯ ಕೆಳಗಿಂದ ನೀರು ತೊಟ್ಟಿಕ್ಕಿ, ಆಮೇಲೆ ಧಾರೆಯಾಗಿ ಸುರಿಯತೊಡಗಿತು.

"ರೀ, ನಿಮ್ಮ ಕಾರು ಒಂದಕ್ಕೆ ಮಾಡ್ಕೊಳ್ತಿದೆ!"

"ಅದಕ್ಕೆ ಹುಷಾರಿಲ್ಲಕ್ಕಾ," ಎಂದ ಬಾಲ್ತಸಾರ್. "ಎರಡು ಹುಣಸೆಹಣ್ಣಿಂದು ಕೊಡಿ. ಖಾರ ಜಾಸ್ತಿ."

ತೆಂಚಾ ಮೂಗೆಳೆದುಕೊಂಡು ಕೆಲಸಕ್ಕೆ ಬಿದ್ದಳು. ಗ್ಯಾಸ್ ಸರಿ ಇದೆ, ಸೆನ್ಸರ್ ಹೊಸದು, ಫ್ಯಾನ್ ತಿರುಗುತ್ತಿದೆ. ಹಾಗಿದ್ದೂ ಐಸ್ ಕಟ್ಟಿದೆಯೆಂದರೆ ಕಾಯಿಲ್‌ಗೆ ಸಾಕಷ್ಟು ಗಾಳಿ ಮುಟ್ಟುತ್ತಿಲ್ಲ. ಗಾಳಿ ಮುಟ್ಟದಿರಲು ನಡುವೆ ಇರುವುದು ಫಿಲ್ಟರ್ ಒಂದೇ. ಅದನ್ನು ಮಾರ್ಚ್‌ನಲ್ಲಿ, ಸರ್ವಿಸಿಗೆ ಬಂದಾಗ, ತಾನೇ ಕೈಯಾರೆ ಹೊಸದು ಹಾಕಿದ್ದಳು. ಹಾಗಾಗಿಯೇ ಆಮೇಲೆ ಒಂದು ಸಲವೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಬೇರೆಯವರು ಮಾಡಿದ ಕೆಲಸವಾಗಿದ್ದರೆ ಮೊದಲ ದಿನವೇ ಬಿಚ್ಚಿ ನೋಡಿ, ನಾಲ್ಕು ಬೈದು, ಮುಗಿಸಿರುತ್ತಿದ್ದಳು. ತನ್ನ ಕೆಲಸದ ಮೇಲೆ ಅಷ್ಟು ಜಂಬ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಬಾಲ್ತಸಾರನ ಜೊತೆ ಅವನ ಅಜ್ಜಿ ಎದುವಿಹೆಸ್ ಬಂದಿದ್ದಳು. ಮುಂದಿನ ಸೀಟಿನಿಂದ ಇಳಿಯಲು ಸುತರಾಂ ಒಪ್ಪದೆ, ಜಪಮಾಲೆ ಹಿಡಿದು ಕೂತು, ತೆಂಚಾ ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ ಫಿಲ್ಟರ್ ಜಾರಿಸುವುದನ್ನು ಒಮ್ಮೆ, ಅದನ್ನು ನೋಡುತ್ತ ನಿಂತ ಮೊಮ್ಮಗನ ಮುಖವನ್ನು ಒಮ್ಮೆ ನೋಡಿದ್ದಳು. "ತಣ್ಣನೆ ಗಾಳಿಯೆಲ್ಲಾ ಇಲ್ಲಿಂದಾನೇ ಹಾದು ಬರುತ್ತೇನಮ್ಮಾ?" ಎಂದು ಕೇಳಿದ್ದಳು. "ಹೌದಜ್ಜಿ, ಎಲ್ಲಾ ಇಲ್ಲಿಂದಾನೇ," ಎಂದಿದ್ದಳು ತೆಂಚಾ.

ಈಗ ಅದೇ ಡಬ್ಬಿ ಕಳಚಿ ಕೈ ಹಾಕಿದರೆ ಸಿಕ್ಕಿದ್ದು ಫಿಲ್ಟರ್ ಅಲ್ಲ, ಉಣ್ಣೆ. ಎಳೆದಳು. ನೇರಳೆ ಬಣ್ಣದ, ಕೈಯಲ್ಲಿ ಹೆಣೆದ ಪುಟ್ಟ ಶಾಲು. ಅದರ ಹಿಂಬದಿ ಮಂಜಿಗೆ ಅಂಟಿಕೊಂಡು ಚರ್ ಎಂದು ಕಿತ್ತುಬಂತು. ಶಾಲಿನ ಒಳಗೆ ಗಟ್ಟಿಯಾದದ್ದೇನೋ ಇತ್ತು. ಬಿಚ್ಚಿ ನೋಡಿದರೆ ಗೇಣುದ್ದದ ಮರದ ಸಂತ ಅಂತೋಣಿ. ಕಾಲು ಮೇಲೆ, ತಲೆ ಕೆಳಗೆ.

ಇಬ್ಬರಿಗೂ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಮನೆಯಲ್ಲಿ ಮದುವೆ ಕೂಡಿಬರದಿದ್ದರೆ ಸಂತ ಅಂತೋಣಿಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಜೋಡಿ ಹುಡುಕಿಕೊಟ್ಟ ಮೇಲೆಯೇ ಅವನಿಗೆ ಬಿಡುಗಡೆ. ತೆಂಚಾಳ ಮೂವರು ಅತ್ತೆಯರ ಮದುವೆಯೂ ಹಾಗೆಯೇ ಆದದ್ದು. ಕಿರಿಯವಳು ತಾಳ್ಮೆಗೆಟ್ಟು ಅವನನ್ನು ಫ್ರಿಜ್ಜಿನಲ್ಲೇ ಇಟ್ಟಿದ್ದಳು.

ಬಾಲ್ತಸಾರ್ ಫೋನ್ ತೆಗೆದು ಸ್ಪೀಕರ್ ಒತ್ತಿದ.

"ಅಜ್ಜೀ, ನನ್ನ ಕಾರಲ್ಲಿ ಏನಿಟ್ಟಿದೀಯ?"

"ಅಯ್ಯೋ, ತೆಗೆದ್ಯಾ?" ಎಂದಿತು ಅಜ್ಜಿಯ ದನಿ. "ನೇರ ನಿಲ್ಲಿಸ್ಬೇಡ ಕಣೋ! ಕಾಲು ಹಿಡ್ಕೊಂಡಿರು! ಕೆಲ್ಸ ಆಗೋ ತನಕ ಅವನು ತಲೆಕೆಳಗೇ ಇರ್ಬೇಕು!"

ಬಾಲ್ತಸಾರ್ ಗಾಬರಿಯಿಂದ ಸಂತನ ಕಾಲು ಹಿಡಿದ. "ಫಿಲ್ಟರ್ ಎಲ್ಲಿ?"

"ಆ ಮಡಚಿದ ರಟ್ಟಾ? ಕೋಳಿಗೂಡಿಗೆ ಹಾಸಿದೀನಿ."

"ಮತ್ತೆ ಈ ಶಾಲು?"

"ಶಿಕ್ಷೆ ಕೊಡೋಣ ಅಂತ ಇಟ್ಟಿದ್ದು ನಿಜ. ಹಾಗಂತ ಅಷ್ಟು ಚಳೀಲಿ ಅವನಿಗೆ ನೆಗಡಿ ಆಗ್ಲಿ ಅಂತೀಯಾ? ನಾನೇನು ರಾಕ್ಷಸೀನಾ?"

ಅಂಗಡಿಯ ಹೆಂಗಸು ಕೌಂಟರಿನ ಮೇಲೆ ತಲೆಯಿಟ್ಟು ಬಿದ್ದು ಬಿದ್ದು ನಗುತ್ತಿದ್ದಳು. ತೆಂಚಾಳಿಗೂ ನಗು ತಡೆಯಲಾಗಲಿಲ್ಲ. ಆದರೆ ಕೇಳದೆ ಇರಲೂ ಆಗಲಿಲ್ಲ. "ಅಜ್ಜೀ, ನಾನು ತೆಂಚಾ, ಗ್ಯಾರೇಜಿನೋಳು. ಮನೆಯಲ್ಲಿ ಅಷ್ಟು ಜಾಗ ಇರುವಾಗ ಕಾರಲ್ಲೇ ಯಾಕಿಟ್ರಿ?"

"ಓ, ನೀನೂ ಅಲ್ಲೇ ಇದೀಯಾ?" ಎಂದಳು ಅಜ್ಜಿ. ದನಿ ಬೆಲ್ಲವಾಗಿತ್ತು. "ಹುಡುಗಿ ಯಾವ ಜಾಗದಲ್ಲಿ ಕೈ ಹಾಕ್ತಾಳೋ ಅಲ್ಲೇ ಇಡ್ಬೇಕಲ್ವೇನಮ್ಮಾ? ಸರಿ, ಬೀನ್ಸ್ ಸೀಯ್ತಿದೆ," ಎಂದವಳೇ ಫೋನ್ ಇಟ್ಟಳು.

ರಾಸ್ಪಾ ಕರಗಿ ಬಾಲ್ತಸಾರನ ಮೊಣಕೈವರೆಗೆ ಇಳಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಸಂತ ಕೋಳಿಯಂತೆ ನೇತಾಡುತ್ತಿದ್ದ. ತೆಂಚಾ ತಲೆ ತಗ್ಗಿಸಿ ಬರಿದಾದ ಸಂದಿಯನ್ನು ಒರೆಸಿ ಡಬ್ಬಿಯನ್ನು ಮತ್ತೆ ಕೂರಿಸಿದಳು. ಐಸು ಪೂರ್ತಿ ಕರಗಿ ಇಳಿಯಿತು. ಕಾರು ಚಾಲೂ ಮಾಡಿದಾಗ ಗಾಳಿ ಭರ್ರೆಂದು ಬಂದು ಅವಳ ಕೂದಲನ್ನು ಹಾರಿಸಿತು.

"ಹೊಸ ಫಿಲ್ಟರ್ ಹಾಕಿದ್ರೆ ಮುಗೀತು," ಎಂದಳು.

"ಹಾಗಾದ್ರೆ ಇನ್ನು ಕೆಡಲ್ಲ?"

"ಕೆಡಲ್ಲ."

"ಒಂಚೂರೂ ಕೆಡಲ್ವಾ?" ಅವನ ಮುಖ ಜೋತುಬಿದ್ದಿತ್ತು. "ನಮ್ಮ ಮನೆ ಬೀದೀಲೇ ಎರಡು ಗ್ಯಾರೇಜಿದೆ, ತೆಂಚಾ ಅವ್ರೇ. ಒಂದು ನಮ್ಮ ಚಿಕ್ಕಪ್ಪಂದೇ. ಏಸಿ ನಿಂತಾಗಲೆಲ್ಲ ನಾನು... ಎಲ್ಲರೂ ಬೈದುಕೊಳ್ತಾರೆ, ನಾನು ಖುಷಿಯಾಗಿ ಯು-ಟರ್ನ್ ಹೊಡೀತಿದ್ದೆ."

ತೆಂಚಾಳ ಎದೆ ಪೋಲ್ಕಾದ ತಾಳದಲ್ಲೇ ಬಡಿಯುತ್ತಿತ್ತು. ಅವನ ಕೈಯಿಂದ ಸಂತನನ್ನು ಬಿಡಿಸಿಕೊಂಡಳು. ಸಂತನ ಹೆಗಲಿಗೆ ಶಾಲು ಸರಿಯಾಗಿ ಹೊದಿಸಿದಳು. ಆಮೇಲೆ ಅವನನ್ನು ತಿರುಗಿಸಿ, ತಲೆ ಮೇಲೆ ಮಾಡಿ, ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದಳು.

ಬಾಲ್ತಸಾರ್ ಸಂತನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಸಂತನನ್ನು ನೋಡಿದ. ಮೂರು ತಿಂಗಳು ತಲೆಕೆಳಗಾಗಿದ್ದ ಸಂತ ತೂಗಾಡಿ ಬೀಳುವುದರಲ್ಲಿದ್ದ. ಬಾಲ್ತಸಾರ್ ಜೇಬಿನಿಂದ ಜೇನುಮೇಣದ ಉಂಡೆ ತೆಗೆದು, ಅಂಗೈಯಲ್ಲಿ ಮೆತ್ತಗೆ ಮಾಡಿ, ಸಂತನ ಪಾದದ ಕೆಳಗೆ ಒತ್ತಿದ. ತೆಂಚಾ ಮೇಲಿಂದ ಅದುಮಿ ಹಿಡಿದಳು. ಮೇಣ ಕಚ್ಚಿಕೊಂಡ ಎಷ್ಟೋ ಹೊತ್ತಿನ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

"ಏಸಿ ನಿಂತ್ರೆ ಮೇಣ ಕರಗುತ್ತೆ," ಎಂದ ಅವನು. "ಮತ್ತೆ ಬಿದ್ದುಹೋಗ್ತಾನೆ."

"ನಿಲ್ಲಲ್ಲ ಬಿಡೋ," ಎಂದಳು ತೆಂಚಾ. "ನಾನಿದೀನಲ್ಲ."