ನಲವತ್ತೊಂದು ಸೆಕೆಂಡು

"ಐದನೇ ಅಧ್ಯಾಯ ಕಿತ್ತು ಹಾಕು. ಇಲ್ಲಾಂದ್ರೆ ಸಹಿ ಇಲ್ಲ," ಎಂದು ಪ್ರೊಫೆಸರು ಪ್ರಬಂಧವನ್ನು ಮೇಜಿನ ಮೇಲೆ ಕುಕ್ಕಿದರು. ಸಲ್ಲಿಸಲು ಅದೇ ಕೊನೆಯ ದಿನ.

"ಅದನ್ನ ಕಿತ್ರೆ ಉಳಿಯೋದು ರಟ್ಟು ಮಾತ್ರ, ಸರ್," ಎಂದಳು ವಿದ್ಯಾರ್ಥಿನಿ.

"ನಾಲಿಗೆ ಉದ್ದ ಆಯ್ತು. ನಿಮ್ಮಕ್ಕನೂ ಹೀಗೇ. ಕೈ ಶುದ್ಧ ಇಲ್ಲ, ಬಾಯಿ ಮಾತ್ರ ಜೋರು."

ಅಕ್ಕನ ಮಾತು ಬಂದದ್ದೇ ಅವಳ ಮೈಯೆಲ್ಲ ಉರಿಯಿತು. ಆರು ವರ್ಷದ ಹಿಂದೆ ಅಕ್ಕನನ್ನು ಇದೇ ಲ್ಯಾಬಿನಿಂದ ಹೊರಗೆ ಹಾಕಿದ್ದು ಇದೇ ಮಹಾಶಯ. ನೀರು ಅಂಟದ ಲೇಪದ ಪುಟ್ಟ ಪುಟ್ಟ ಗುಳಿಗಳಲ್ಲಿ ಗಾಳಿ ಕೂತಿರುತ್ತದೆ, ಅದರ ಮೇಲೆ ನೀರು ತಡೆಯಿಲ್ಲದೆ ಜಾರುತ್ತದೆ ಎಂಬುದು ಅವರ ಸಮೀಕರಣ. ಅದರ ಪ್ರಕಾರ ಲೇಪ ಹಚ್ಚಿದ ಕೊಳವೆ ನಲವತ್ತೊಂದು ಸೆಕೆಂಡಿನಲ್ಲಿ ಬರಿದಾಗಬೇಕು. ಕೊಳವೆ ಹೊಸದಾಗಿದ್ದ ಮೊದಲ ದಿನ ಅವರ ಕೈಯಲ್ಲಿ ಹಾಗೇ ಆಗಿತ್ತು. ಅಕ್ಕನಿಗೆ ಎರಡು ವರ್ಷವೂ ಐವತ್ತೆರಡೇ, ಲೇಪವೇ ಇಲ್ಲದ ಕೊಳವೆಯ ಹಾಗೆ. ಕಡತದಲ್ಲಿ "ಗಲೀಜು ಕೈ" ಎಂದು ಬರೆದು ಕಳಿಸಿಬಿಟ್ಟರು.

ಪ್ರೊಫೆಸರಿಗೆ ಶುಚಿಯ ಹುಚ್ಚು. ಆ ಮೊದಲ ದಿನದ ಮರುದಿನದಿಂದ ದಿನಾ ಬೆಳಗ್ಗೆ ಕೊಳವೆಗೆ ತಾವೇ ಸೋಪುನೀರು ಹಾಕಿ, ಏಳು ಸಲ ಜಾಲಿಸಿ, ಆಮೇಲಷ್ಟೇ ಬೇರೆಯವರಿಗೆ ಮುಟ್ಟಲು ಬಿಡುತ್ತಿದ್ದರು.

"ಐದನೇ ಅಧ್ಯಾಯದಲ್ಲಿ ನಿಮ್ಮ ಸಮೀಕರಣಕ್ಕೆ ನಾನು ಸೇರಿಸಿದ್ದು ಒಂದೇ ಪದ, ಸರ್. ಸೋಪು. ಎಷ್ಟು ಜಾಲಿಸಿದ್ರೂ ಚೂರು ಉಳಿಯುತ್ತೆ. ಹರಿಯೋ ನೀರು ಅದನ್ನ ಗುಳಿಯ ತುದಿಗೆ ತಳ್ಳುತ್ತೆ, ಅದು ಅಲ್ಲಿಂದ ನೀರನ್ನೇ ವಾಪಸ್ ತಳ್ಳುತ್ತೆ. ಜಾರೋದೇ ನಿಂತುಹೋಗುತ್ತೆ."

"ನಾನು ತೊಳೆದಿದ್ದೇ ತಪ್ಪು ಅಂತೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

ಅವಳು ಚೀಲದಿಂದ ಅದೇ ಲೇಪದ, ಮೊಹರು ಒಡೆಯದ ಹೊಸ ಕೊಳವೆ ತೆಗೆದಳು. "ಇದು ಸೋಪು ಕಂಡಿಲ್ಲ. ಸ್ಟಾಪ್‌ವಾಚ್ ನೀವೇ ಹಿಡೀರಿ."

ನೀರು ಬಿಟ್ಟಳು. ಕೊನೆಯ ಹನಿ ಬಿದ್ದಾಗ ಅವರು ಗುಂಡಿ ಒತ್ತಿದರು. ನಲವತ್ತೊಂದು.

"ನೋಡಿದ್ಯಾ! ನನ್ನ ಸಮೀಕರಣ ಸರಿ ಅಂತ ಅವತ್ತೇ ಬಡ್ಕೊಂಡೆ!"

ಎಂಥಾ ಮನುಷ್ಯನಪ್ಪಾ! ಮುಖ ಅರಳಿಸಿಕೊಂಡು ಐದನೇ ಅಧ್ಯಾಯದ ಸಮೇತ ಸಹಿ ಎಳೆದೇಬಿಟ್ಟರು.

ಅವಳು ಇನ್ನೊಂದು ಹಾಳೆ ಮುಂದಿಟ್ಟಳು, ಅಕ್ಕನ ಕಡತದ್ದು. "ಇದನ್ನೂ ತಿದ್ದಿ."

ಅವರು ಓದಿ ಪೆನ್ನಿಗೆ ಮುಚ್ಚಳ ಹಾಕಿದರು. "ಹಳೇದೆಲ್ಲ ಈಗ್ಯಾಕೆ?"

"ಯಾಕಂದ್ರೆ ನಮ್ಮಕ್ಕ ಇವತ್ತಿಗೂ ದಿನಕ್ಕೆ ಇಪ್ಪತ್ತು ಸಲ ಕೈ ತೊಳೀತಾಳೆ."

ಅವರು ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದರು. ಅಭ್ಯಾಸಬಲದಿಂದ ಸೋಪಿನ ಕಡೆ ಹೋದ ಕೈ ಅರ್ಧಕ್ಕೇ ನಿಂತಿತು. ಹಾಳೆ ಮೇಜಿನ ಮೇಲೆ ಹಾಗೇ ಇತ್ತು. ಬರಿಗೈಯ ಮೇಲೆ ನೀರು ಹರಿಯುತ್ತಲೇ ಇತ್ತು.