ದುರ್ಗವ್ವನ ಎರಡು ಕೊಡ

ಮಹಾರಾಷ್ಟ್ರದ ಇಚಲಕರಂಜಿಯ ತಹಶೀಲ್ದಾರ ಕಚೇರಿ ಮುಂದೆ ಅರ್ಜಿ ಬರೆದು ಹೊಟ್ಟೆ ಹೊರೆಯುವವ ನಾನು, ಮಲ್ಲಿನಾಥ. ಸರಕಾರ ಜಿಲ್ಲೆ ಒಡೆದಷ್ಟೂ ನನಗೆ ಗಿರಾಕಿ ಹೆಚ್ಚು. ಆದರೂ ಅವತ್ತು ದುರ್ಗವ್ವನ ಮುಖ ನೋಡಿ ಒಡೆದವರ ಮೇಲೆ ಸಿಟ್ಟೇ ಬಂತು.

ದುರ್ಗವ್ವ ಇಲ್ಲೇ ಶಹಾಪುರ ಭಾಗದ ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವವಳು. ಗಂಡ ಹಣಮಂತ ತೀರಿಕೊಂಡು ಎರಡು ವರ್ಷ. ಮಗಳು ವೃಷಾಲಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಜಾತಿ ದಾಖಲೆ ಕೊಡದಿದ್ದರೆ ಅದು ಬೇರೆಯವರ ಪಾಲು.

ಹಣಮಂತನ ಶಾಲೆ ದಾಖಲೆಯಲ್ಲಿ ಗುಳೇದಗುಡ್ಡ, ತಾಲೂಕು ಬಾದಾಮಿ, ಜಿಲ್ಲೆ ವಿಜಾಪುರ. ಅವನು ಜಾತಿ ದಾಖಲೆ ಮಾಡಿಸಿರಲೇ ಇಲ್ಲ. ಆಧಾರಕ್ಕೆಂದು ಲಗತ್ತಿಸಿದ, ಊರಲ್ಲಿ ಹಾಸಿಗೆ ಹಿಡಿದಿರುವ ಅಣ್ಣ ಮಲ್ಲಾರಿಯ ಜಾತಿ ದಾಖಲೆಯಲ್ಲಿ ತಾಲೂಕು ಗುಳೇದಗುಡ್ಡ, ಜಿಲ್ಲೆ ಬಾಗಲಕೋಟ. ಊರು ಇದ್ದಲ್ಲೇ ಇದೆ, ಮನೆಯೂ ಅದೇ. ಕಾಗದದಲ್ಲಿ ಮಾತ್ರ ಅಣ್ಣ ಯಾರೋ, ತಮ್ಮ ಯಾರೋ.

"ಜಿಲ್ಲಾ ಒಡೆದಿದ್ದು ನನಗೂ ಗೊತ್ತೈತ್ರಿ. ಇವರಿಬ್ರೂ ಅಣ್ಣತಮ್ಮ ಅನ್ನೂದಕ್ಕ ಏನರ ಪುರಾವೆ ಬೇಕಲ್ಲ?" ಎಂದು ಕಾರಕೂನ ಉಜ್ವಲಾಬಾಯಿ ಅರ್ಜಿ ವಾಪಸು ಕೊಟ್ಟರು.

ಗುರುವಾರ ದುರ್ಗವ್ವ ರಿಕ್ಷಾದಿಂದ ಎರಡು ತಾಮ್ರದ ಕೊಡ ಇಳಿಸಿದಳು.

"ಯವ್ವಾ, ಇದು ಕಚೇರಿ, ಭಾಂಡೆ ಅಂಗಡಿ ಅಲ್ಲ!" ಎಂದೆ. ಅವಳು ಕೇಳಿಸಿಕೊಳ್ಳದೆ ನೇರ ಒಳಗೆ ಹೋಗಿ ಮೇಜಿನ ಮೇಲೆ ಇಟ್ಟಳು. ನಾನೂ ಹಿಂದೆಯೇ ಓಡಿದೆ.

ನಮ್ಮ ಕಡೆ ಶುಭಕಾರ್ಯಕ್ಕೆ ಉಡುಗೊರೆ ಕೊಡುವ ಆಯೇರಿ ಪಾತ್ರೆಗೆ ಕೊಟ್ಟವರ ಹೆಸರು, ಊರು, ಜಿಲ್ಲೆ ಕೆತ್ತಿಸದಿದ್ದರೆ ಕೊಟ್ಟೂ ಕೊಡದಂತೆ. ಮೊದಲ ಕೊಡದ ಮೇಲೆ: 'ತಮ್ಮ ಹಣಮಂತನ ಲಗ್ನಕ್ಕೆ ಅಣ್ಣ ಮಲ್ಲಾರಿ, ಗುಳೇದಗುಡ್ಡ, ಜಿ. ವಿಜಾಪುರ, ೧೯೯೬.' ಎರಡನೆಯದರ ಮೇಲೆ: 'ತಮ್ಮ ಹಣಮಂತನ ಹೊಸ ಮನೆ ಶಾಂತಿಗೆ ಅಣ್ಣ ಮಲ್ಲಾರಿ, ಗುಳೇದಗುಡ್ಡ, ಜಿ. ಬಾಗಲಕೋಟ, ೨೦೧೯.'

ಉಜ್ವಲಾಬಾಯಿ ಕರ್ನಾಟಕದ ಗಡಿಗೆ ಹತ್ತಿದ ಗಡಹಿಂಗ್ಲಜದವರು, ಕನ್ನಡ ಓದಬಲ್ಲರು. ಅಕ್ಷರದ ಮೇಲೆ ಬೆರಳಾಡಿಸಿದರು.

"ನಮ್ಮವ್ವನ ಕೊಡದ ಮ್ಯಾಲೂ ಹಿಂಗ ಐತ್ರಿ," ಎಂದವರ ದನಿ ಮೆತ್ತಗಾಗಿತ್ತು. ಎರಡೂ ಕೊಡಗಳ ಫೋಟೋ ತೆಗೆದು, ದುರ್ಗವ್ವನಿಂದ ಪ್ರತಿಜ್ಞಾಪತ್ರ ಬರೆಸಿಕೊಂಡು, ತಾವೇ ಸಾಹೇಬರ ಕೋಣೆಗೆ ಒಯ್ದರು.

ಶುಕ್ರವಾರ ಮಧ್ಯಾಹ್ನ ದಾಖಲೆ ಕೈಗೆ ಬಂತು. ಅದರಲ್ಲಿ ಅಪ್ಪನ ಹೆಸರು ಓದಿ ವೃಷಾಲಿ ಅತ್ತಳು. ಕಲ್ಲುಮನಸ್ಸಿನ ನಾನೂ ಚಸ್ಮಾ ಒರೆಸಿಕೊಂಡೆ.

ಮಗಳು ಹಾಸ್ಟೆಲ್ಲಿಗೆ ಹೊರಡುವ ಮುಂದೆ ದುರ್ಗವ್ವ ಒಂದು ತಂಬಿಗೆ ಕೊಂಡಳು. ಸಾಕ್ಷಿಗೆಂದು ನನ್ನನ್ನೂ ಅಂಗಡಿಗೆ ಎಳೆದೊಯ್ದಿದ್ದಳು. 'ಮಗಳು ವೃಷಾಲಿಗೆ ಅವ್ವ ದುರ್ಗವ್ವ, ಇಚಲಕರಂಜಿ' ಎಂದು ಕೆತ್ತಿದವನು ಕೈ ನಿಲ್ಲಿಸಿದ.

"ಜಿಲ್ಲಾ ಕೊಲ್ಹಾಪುರ ಹಾಕ್ಲೇನ್ರಿ?"

ಇಚಲಕರಂಜಿಯೇ ಬೇರೆ ಜಿಲ್ಲೆಯಾಗಬೇಕೆಂಬ ಮಾತು ಇಲ್ಲಿ ಚಹಾದಂಗಡಿಗಳಲ್ಲೆಲ್ಲ ಕೇಳಸಿಗುತ್ತದೆ. ದುರ್ಗವ್ವ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ತಂಬಿಗೆ ನೋಡಿದಳು.

"ಜಿಲ್ಲಾದ ಜಾಗ ಖಾಲಿ ಬಿಡಪಾ," ಎಂದಳು. "ಅವ್ವನ ಹೆಸರು ಮಾತ್ರ ಇನ್ನಷ್ಟು ಆಳ ಹೊಡಿ."